ಕೂಲರಿನ ಮೊರೆತಕ್ಕೆ ಮುನಿಯದ ಸಂಗೀತ: ಬ್ರಯಾನ್ ಈನೋ ಅವರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’

ಬೇಸಿಗೆಯಲ್ಲಿ ಕಲಬುರಗಿಯ ಮನೆಗಳೊಳಗೆ ನಿಶ್ಶಬ್ದವೆಂಬುದು ಇರುವುದಿಲ್ಲ. ಬಿಸಿಲು 42 ಡಿಗ್ರಿ ದಾಟಿದ ಮೇಲೆ ಕಿಟಕಿಗೆ ಕೂಡಿಸಿದ ಕೂಲರ್ ಹಗಲಿರುಳು ಓಡುತ್ತಲೇ ಇರುತ್ತದೆ. ಫ್ಯಾನಿನ ಮೊರೆತ, ಪಂಪು ಎತ್ತಿ ಹಾಕಿದ ನೀರು ಹುಲ್ಲಿನ ಪದರಗಳೊಳಗಿಂದ ತೊಟ್ಟಿಕ್ಕುವ ಸದ್ದು, ನಡುನಡುವೆ ಬೀದಿಯ ಆಟೋಗಳ ಹಾರ್ನು, ಎಲ್ಲ ಸೇರಿ ಕೋಣೆಗೆ ತನ್ನದೇ ಒಂದು ಶ್ರುತಿ ಬಂದುಬಿಟ್ಟಿರುತ್ತದೆ. ಇಂಥಲ್ಲಿ ಹಿಂದೂಸ್ತಾನಿ ಖಯಾಲ್ ಹಾಕಿದರೆ ನಿಧಾನಗತಿಯ ವಿಲಂಬಿತದ ಮಂದ್ರಸ್ವರಗಳು ಕೂಲರಿನ ಪಾಲಾಗುತ್ತವೆ. ಚಿತ್ರಗೀತೆ ಹಾಕಿದರೆ ಸಾಹಿತ್ಯ ಕೇಳಿಸಲೆಂದು ಧ್ವನಿ ಏರಿಸಬೇಕಾಗುತ್ತದೆ, ಏರಿಸಿದೊಡನೆ ಮಲಗಿದವರು ಎದ್ದು ಕೂರುತ್ತಾರೆ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ಹೊರತಂದ, ಮುಕ್ಕಾಲು ಗಂಟೆಯ ಆಸುಪಾಸಿನ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಂ ಇಂಥ ಕೋಣೆಗೆ ಸೊಗಸಾಗಿ ಒಗ್ಗುತ್ತದೆ ಎಂಬುದು ಹಲವು ಬೇಸಿಗೆ ರಾತ್ರಿಗಳಲ್ಲಿ ಕೇಳಿದ ಮೇಲೆ ನನಗೆ ಖಚಿತವಾಗಿದೆ. ಆಂಬಿಯೆಂಟ್, ಅಂದರೆ ಸುತ್ತಲಿನ ವಾತಾವರಣದೊಳಗೆ ಬೆರೆತಿರುವ ಸಂಗೀತ, ಎಂಬ ಹೆಸರನ್ನು ತನ್ನ ಮುಖಪುಟದ ಮೇಲೆಯೇ ಹೊತ್ತು ಬಂದ ಮೊದಲ ಆಲ್ಬಂ ಇದು.

ಒಗ್ಗುವುದಕ್ಕೆ ಕಾರಣ ಈ ಸಂಗೀತ ಹುಟ್ಟಿದ ಬಗೆಯಲ್ಲೇ ಇದೆ. 1975ರ ಜನವರಿಯಲ್ಲಿ ಟ್ಯಾಕ್ಸಿ ಡಿಕ್ಕಿ ಹೊಡೆದು ಈನೋ ಹಾಸಿಗೆ ಹಿಡಿದಿದ್ದಾಗ ಗೆಳತಿಯೊಬ್ಬರು ಹದಿನೆಂಟನೆಯ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡೊಂದನ್ನು ತಂದುಕೊಟ್ಟರು. ಆಕೆ ಹೋದ ಮೇಲೆ ಕಷ್ಟಪಟ್ಟು ಎದ್ದು ಅದನ್ನು ಹಾಕಿ ಮತ್ತೆ ಮಲಗಿದಾಗಲೇ, ಧ್ವನಿ ತೀರ ಸಣ್ಣದಾಗಿದೆ, ಸ್ಟೀರಿಯೋದ ಒಂದು ಬದಿ ಕೆಲಸವನ್ನೇ ಮಾಡುತ್ತಿಲ್ಲ ಎಂಬುದು ಅವರಿಗೆ ತಿಳಿದದ್ದು. ಮತ್ತೊಮ್ಮೆ ಏಳುವ ತ್ರಾಣವಿಲ್ಲದೆ ಹಾಗೆಯೇ ಕೇಳುತ್ತ ಮಲಗಿದ ಈನೋ ಅವರಿಗೆ, ಮಳೆಯ ಸದ್ದು ಮತ್ತು ಕೋಣೆಯ ಬೆಳಕಿನ ಹಾಗೆ ಸಂಗೀತವೂ ನಾವಿರುವ ಜಾಗದ ಒಂದು ಭಾಗವಾಗಿ ಇರಬಲ್ಲದೆಂಬುದು ಹೊಳೆಯಿತು. ಮುಂದೆ ಜರ್ಮನಿಯ ಕಲೋನ್ ವಿಮಾನ ನಿಲ್ದಾಣದಲ್ಲಿ ಕೆಲವು ತಾಸು ಕಾಯಬೇಕಾಗಿ ಬಂದು, ಅಲ್ಲಿ ಹಾಕಿದ್ದ ಸಂಗೀತ ಹಿಡಿಸದೆ ಹೋದಾಗ, ಅಂಥ ಜಾಗಕ್ಕೆ ತಕ್ಕ ಸಂಗೀತ ಹೇಗಿರಬೇಕೆಂದು ಅವರು ಯೋಚಿಸತೊಡಗಿದರು. ಮಾತಿಗೂ ಮೈಕಿನ ಪ್ರಕಟಣೆಗೂ ಅಡ್ಡಬಾರದಿರುವುದು, ಗಮನವಿಟ್ಟು ಕೇಳುವವನಿಗೂ ಬೇರೆ ಕೆಲಸದಲ್ಲಿ ಮುಳುಗಿದವನಿಗೂ ಒಂದೇ ರೀತಿ ಎಡೆ ಕೊಡುವುದು ಅವರ ಗುರಿಯಾಯಿತು. ಅಂಗಡಿಗಳಲ್ಲಿ ಸದಾ ಹಾಡಿಸುವ ಹಿನ್ನೆಲೆ ಸಂಗೀತ ನಮ್ಮನ್ನು ಉತ್ತೇಜಿಸಲು ನೋಡುತ್ತದೆ; ಈನೋ ಬಯಸಿದ್ದು ಮನಸ್ಸು ತಣಿದು ಯೋಚಿಸಲು ಜಾಗ ಸಿಗಲಿ ಎಂಬುದನ್ನು.

ಆಲ್ಬಂನಲ್ಲಿ ನಾಲ್ಕೇ ಭಾಗಗಳಿವೆ, ಅವುಗಳಿಗೆ ಹೆಸರಿನ ಬದಲು ಸಂಖ್ಯೆಗಳಿವೆ. ರಾಬರ್ಟ್ ವ್ಯಾಟ್ ಪಿಯಾನೊ ನುಡಿಸಿರುವ, ಸುಮಾರು 17 ನಿಮಿಷದ ‘1/1’ ಎಲ್ಲಕ್ಕಿಂತ ಹೆಚ್ಚು ಜನರಿಗೆ ಪರಿಚಿತ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಸಾಹಿತ್ಯವಿಲ್ಲದ ಬರಿಯ ಕೊರಳುಗಳ ‘2/1’. ಇದರಲ್ಲಿ ಹಾಡಿದ ಒಂದೊಂದು ಸ್ವರವನ್ನೂ ಪ್ರತ್ಯೇಕ ಟೇಪಿನ ಮೇಲೆ ಮುದ್ರಿಸಿ, ಆ ಟೇಪಿನ ಎರಡು ತುದಿಗಳನ್ನು ಕೂಡಿಸಿ ಸುತ್ತು ಮಾಡಿ, ಅದು ಮತ್ತೆ ಮತ್ತೆ ತಿರುಗುವಂತೆ ಬಿಡಲಾಗಿದೆ. ಒಂದು ಸ್ವರ 23.5 ಸೆಕೆಂಡಿಗೊಮ್ಮೆ ಮರಳುತ್ತದೆ, ಇನ್ನೊಂದು 26 ಸೆಕೆಂಡಿಗೆ ತುಸು ಮೊದಲು, ಮತ್ತೊಂದು 30 ಸೆಕೆಂಡಿಗೆ ಕೂದಲೆಳೆಯಷ್ಟು ಮೊದಲು. ಸುತ್ತುಗಳ ಉದ್ದ ಒಂದಕ್ಕೊಂದು ತಾಳೆಯಾಗದಿರುವುದರಿಂದ ಸ್ವರಗಳು ಒಮ್ಮೆ ಕೂಡಿದ ಹಾಗೆಯೇ ಮತ್ತೆ ಕೂಡುವುದಿಲ್ಲ. ಎರಡು ಸ್ವರಗಳು ಒಟ್ಟಿಗೆ ಬಂದು ಎದೆ ತುಂಬುತ್ತವೆ, ನಂತರ ಏನೂ ಇಲ್ಲ, ಕೂಲರ್ ಮಾತ್ರ ಕೇಳುತ್ತದೆ, ಆಮೇಲೆ ಒಂಟಿ ಸ್ವರವೊಂದು ತಾನಾಗಿ ಬರುತ್ತದೆ. ರಚನಕಾರ ಇಲ್ಲಿ ಸ್ವರಗಳನ್ನು ಆರಿಸಿ ಸುತ್ತಿನ ಉದ್ದವನ್ನು ಗೊತ್ತುಮಾಡಿದ್ದಾನೆ, ಅವು ಕೂಡುವ ಗಳಿಗೆಗಳನ್ನು ಅವಕ್ಕೇ ಬಿಟ್ಟಿದ್ದಾನೆ. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿಯಿದೆ. ಅದರ ಕಮಾನುಗಳ ಸಾಲಿನಲ್ಲಿ ಮೆಲ್ಲಗೆ ಆಡಿದ ಮಾತೂ ತಡೆದು ಆರುವುದನ್ನು ಕೇಳಿದವರಿಗೆ ‘2/1’ರ ಕೊರಳುಗಳು ಅಪರಿಚಿತವೆನಿಸವು.

ಭಜನಾ ಮಂಡಳಿಯಲ್ಲಿ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವ ನಮ್ಮ ಸೋದರಮಾವ ಒಮ್ಮೆ ಇದನ್ನು ಹತ್ತು ನಿಮಿಷ ಆಲಿಸಿ, “ಶ್ರುತಿ ಹಚ್ಯಾರ ಖರೆ, ಪದ ಯಾವಾಗ ಹಾಡ್ತಾರ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಈ ಆಲ್ಬಂ ಬಗ್ಗೆ ಕೇಳಿದ ಅತ್ಯಂತ ನಿಖರವಾದ ಮಾತೆಂದು ತಿಳಿಯುತ್ತೇನೆ. ತಂಬೂರಿ, ಏಕತಾರಿಗಳ ನಾದ ಕೇಳಿ ಬೆಳೆದ ಈ ಭಾಗದ ಕಿವಿ ಹಿಡಿದು ನಿಂತ ನಾದವನ್ನು ಬಹುಬೇಗ ಒಪ್ಪುತ್ತದೆ, ಆದರೆ ಅದರ ಮೇಲೆ ರಾಗವೋ ಪದವೋ ಬಂದೇ ಬರುತ್ತದೆಂದು ಕಾಯುತ್ತದೆ. ಇಲ್ಲಿ ಅದು ಬರುವುದಿಲ್ಲ. ಆ ಕಾಯುವಿಕೆ ಕಳಚಿಕೊಳ್ಳಲು ನನಗೆ ಸಾಕಷ್ಟು ದಿನ ಹಿಡಿಯಿತು. ಕಳಚಿದ ಮೇಲೆ, ಸ್ವರ ಎಷ್ಟು ಮುಖ್ಯವೋ ಎರಡು ಸ್ವರಗಳ ನಡುವೆ ಕೋಣೆಯಲ್ಲಿ ಕೇಳುವುದೂ ಅಷ್ಟೇ ಮುಖ್ಯವೆನಿಸತೊಡಗಿತು. ಮಾವನವರಿಗೆ ಇದು ಕೊನೆಗೂ ಹಿಡಿಸಲಿಲ್ಲ, ಪದವಿಲ್ಲದೆ ಅರ್ಥವಿಲ್ಲವೆಂಬ ಅವರ ನಿಲುವನ್ನು ನಾನು ಗೌರವಿಸುತ್ತೇನೆ.

ಕೇಳುವ ಸಾಧನದ ವಿಷಯದಲ್ಲಿ ದುಬಾರಿ ಖರ್ಚು ಬೇಕಿಲ್ಲ, ಆದರೆ ಮೊಬೈಲಿನ ಸ್ಪೀಕರ್ ಸಾಲದು. ಪಿಯಾನೊ ಸ್ವರದ ಬಾಲವೆಲ್ಲ ಅದರಲ್ಲಿ ತುಂಡಾಗುತ್ತದೆ. ಸಾಧಾರಣ ಬೆಲೆಯ ಎರಡು ಪೆಟ್ಟಿಗೆ ಸ್ಪೀಕರುಗಳನ್ನು ತಲೆಯಿಂದ ದೂರದಲ್ಲಿಟ್ಟು, ಕೂಲರಿನ ಸದ್ದಿಗಿಂತ ಒಂದೆಳೆ ಕೆಳಗೆ ಧ್ವನಿ ಇಟ್ಟರೆ ಸಾಕು. ಹೊರಗಿನ ಸದ್ದನ್ನು ಅಳಿಸಿಹಾಕುವ ಹೆಡ್‌ಫೋನುಗಳು ಈ ಸಂಗೀತದ ಉದ್ದೇಶವನ್ನೇ ಕೆಡಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಣ ಕೊಡದೆ ಕೇಳುವ ಸೇವೆಗಳಲ್ಲಿ ಎರಡು ಭಾಗಗಳ ನಡುವೆ ಜಾಹೀರಾತು ಅಬ್ಬರಿಸಿ ಬರುವುದರಿಂದ, ಒಮ್ಮೆ ಹಣ ಕೊಟ್ಟು ಆಲ್ಬಂ ಇಳಿಸಿಕೊಳ್ಳುವುದೇ ಮೇಲು. ಕೊನೆಯ ‘2/2’ ಪೂರ್ತಿ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ್ದು. ಅದರ ಆಳದ ಸ್ವರಗಳು ಫ್ಯಾನಿನ ಮೊರೆತದೊಂದಿಗೇ ಕಲಸಿಹೋಗುವುದರಿಂದ ಬೇಸಿಗೆಯಲ್ಲಿ ಅದು ಸೊರಗುತ್ತದೆ. ಕೊರಳು, ಪಿಯಾನೊ ಎರಡೂ ಸೇರಿದ ‘1/2’ ಚೆನ್ನಾಗಿಯೇ ಇದೆ, ಆದರೆ ಮೊದಲಿನ ಎರಡು ಭಾಗಗಳ ನಂತರ ಹೊಸದೇನನ್ನೂ ಕೊಡುವುದಿಲ್ಲ.

1980ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದ ಒಂದು ಟರ್ಮಿನಲ್‌ನಲ್ಲಿ ಈ ಸಂಗೀತವನ್ನು ನಿಜವಾಗಿಯೂ ಹಾಕಲಾಗಿತ್ತು. ಶ್ರೀನಿವಾಸ ಸರಡಗಿಯಲ್ಲಿರುವ ನಮ್ಮ ಕಲಬುರಗಿಯ ವಿಮಾನ ನಿಲ್ದಾಣವೂ 2019ರ ನವೆಂಬರಿನಲ್ಲಿ ಆರಂಭವಾಯಿತು. ಆದರೆ ಈ ಊರಿನಲ್ಲಿ ಜನ ತಾಸುಗಟ್ಟಲೆ ಕಾಯುವುದು ಆಸ್ಪತ್ರೆಗಳಲ್ಲಿ. ಯಾದಗಿರಿಯಿಂದ, ಬೀದರಿನಿಂದ, ಸುತ್ತಲಿನ ತಾಲೂಕುಗಳಿಂದ ರೋಗಿಯನ್ನು ಕರೆತಂದವರು ಹೊರರೋಗಿ ವಿಭಾಗದ ಮುಂದೆ ಕುರ್ಚಿ ಸಿಕ್ಕರೆ ಕುರ್ಚಿಯಲ್ಲಿ, ಇಲ್ಲವಾದರೆ ನೆಲದ ಮೇಲೆ ಕುಳಿತಿರುತ್ತಾರೆ, ತಲೆಯ ಮೇಲೆ ಟಿವಿ ಕೂಗುತ್ತಿರುತ್ತದೆ. ಅಂಥದೊಂದು ಸರತಿಯಲ್ಲಿ ಕುಳಿತು, ಟೋಕನ್ ಸಂಖ್ಯೆ ತಪ್ಪದಿರಲೆಂದು ಇಯರ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಂಡು ‘1/1’ ಕೇಳಿದ್ದೇನೆ. ಹೆದರಿಕೆ ಹೋಗಲಿಲ್ಲ, ಆದರೆ ಅದರ ಜೊತೆ ಕುಳಿತಿರಲು ಸಾಧ್ಯವಾಯಿತು, ಪಕ್ಕದಲ್ಲಿದ್ದ ವೃದ್ಧೆ ತನ್ನ ಮಗನ ಬಗ್ಗೆ ಹೇಳಿದ್ದು ಪೂರ್ತಿ ಕೇಳಿಸಿತು, ಉತ್ತರ ಕೊಡಲೂ ಆಯಿತು. ಇಲ್ಲಿನ ಯಾವುದಾದರೂ ಆಸ್ಪತ್ರೆಯ ಆಡಳಿತದವರು ಒಂದು ವಾರ ಆ ಟಿವಿಯನ್ನು ಬಂದ್ ಮಾಡಿಸಿ, ಸಂಖ್ಯೆ ಕೂಗುವ ಧ್ವನಿಗಿಂತ ಸಾಕಷ್ಟು ಕೆಳಗೆ ಈ 17 ನಿಮಿಷದ ಭಾಗವನ್ನು ಹಾಕಿಸಿ ನೋಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.