ಪಂಪು ರಿಪೇರಿಯಾದ ಔಟ್‌ಬೋರ್ಡ್ ಇಂಜಿನ್: ಮುಂದಿನ ಗೇರ್ ಪರೀಕ್ಷಿಸದೆ ಅಳಿವೆ ದಾಟಬೇಡಿ

ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಇಂಜಿನ್ನಿನ ನೀರಿನ ಪಂಪನ್ನು ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ, ಮುಂದಿನ ಗೇರ್, ಅಂದರೆ ದೋಣಿಯನ್ನು ಮುಂದಕ್ಕೆ ಒಯ್ಯುವ ಗೇರ್, ಪೂರ್ತಿಯಾಗಿ ಬೀಳುತ್ತಿದೆಯೇ ಎಂದು ಫ್ಯಾನನ್ನು (ಪ್ರೊಪೆಲ್ಲರನ್ನು) ಕೈಯಿಂದ ತಿರುಗಿಸಿ ನೋಡದೆ ಯಾವ ನಾಡದೋಣಿಯವರೂ ಕಡಲಿಗೆ ಇಳಿಯಬಾರದು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಉಡುಪಿ ಜಿಲ್ಲೆಯ ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲು ಸೇರುವ ಬಾಯಲ್ಲಿ, ನಮ್ಮ ದೋಣಿ ಅಲೆಗೆ ಅಡ್ಡವಾಗಿ ನಿಂತುಬಿಟ್ಟಾಗ ಇಂಜಿನ್ ಬಂದ್ ಬಿದ್ದಿರಲಿಲ್ಲ. ಅದು ಪೂರ್ತಿ ವೇಗದಲ್ಲಿ ಅರಚುತ್ತಿತ್ತು, ಫ್ಯಾನಿಗೆ ಮಾತ್ರ ಶಕ್ತಿ ತಲುಪುತ್ತಿರಲಿಲ್ಲ.

ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿದ್ದು 10 ಅಶ್ವಶಕ್ತಿಯವರೆಗಿನ ಇಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇರುವುದರಿಂದ, ನಮ್ಮ ವರ್ಷದ ದುಡಿಮೆಯ ದೊಡ್ಡ ಪಾಲು ಕಡಲು ಅತ್ಯಂತ ಒರಟಾಗಿರುವ ಹೊತ್ತಿನಲ್ಲೇ ನಡೆಯುತ್ತದೆ. ಅದಕ್ಕೆ ಸಿದ್ಧತೆಯಾಗಿ ಮೇ ತಿಂಗಳಲ್ಲಿ ಇಂಜಿನ್ ನೋಡಿಸುವಾಗ, ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮಬೇಕಾದ ತಂಪಿನ ನೀರು ತೊಟ್ಟಿಕ್ಕುವಷ್ಟು ಕಡಿಮೆಯಾಗಿತ್ತು. ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಸವೆದಿದೆ ಎಂಬುದು ಸ್ಪಷ್ಟವಿತ್ತು. ಈ ಗಾತ್ರದ ಇಂಜಿನ್ನುಗಳಲ್ಲಿ ಇಂಪೆಲ್ಲರ್ ಕುಳಿತಿರುವುದು ಗೇರ್‌ಬಾಕ್ಸಿನ ನೆತ್ತಿಯ ಮೇಲೆ. ಅದನ್ನು ಬದಲಿಸಬೇಕಾದರೆ ಕೆಳಭಾಗವನ್ನು ಇಡಿಯಾಗಿ ಇಳಿಸಬೇಕು, ಇಳಿಸಬೇಕಾದರೆ ಗೇರ್ ಹಿಡಿಯಿಂದ ಕೆಳಗೆ ಬರುವ ಸರಳನ್ನು ಅದರ ಜೋಡಣೆಯಲ್ಲಿ ಬಿಚ್ಚಬೇಕು. ನಮ್ಮ ತೊಂದರೆ ಹುಟ್ಟಿದ್ದು ಆ ಜೋಡಣೆಯಲ್ಲಿ.

ರಿಪೇರಿಯವನು ಇಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ ಓಡಿಸಿ ತೋರಿಸಿದ. ನೀರು ಚೆನ್ನಾಗಿ ಚಿಮ್ಮಿತು, ಎರಡೂ ಗೇರ್ ಬಿದ್ದವು. ಹಿಂದಿನ ಗೇರ್ ‘ಟಕ್’ ಎಂದು ಒಂದೇ ಏಟಿಗೆ ಕುಳಿತರೆ ಮುಂದಿನದು ಕ್ಷಣಕಾಲ ಕರಕರ ಎಂದು ಆಮೇಲೆ ಹಿಡಿಯಿತು. ಈ ವ್ಯತ್ಯಾಸವನ್ನು ಅಲ್ಲೇ ಕೇಳಿದಾಗ ಸಿಕ್ಕ ಉತ್ತರ, “ಬಿಚ್ಚಿ ಹಾಕಿದ್ದಲ್ದಾ, ಎರಡ್ ದಿನ ಓಡ್ಲಿ, ಸಮ ಆತ್ತ್ ಮಾರಾಯ್ರೆ” ಎಂಬುದು. ಗೇರ್‌ಬಾಕ್ಸಿನ ವಿಷಯದಲ್ಲಿ ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಅಲ್ಲಿ ಓಡಿ ಓಡಿ ಸವೆಯುವುದಿದೆಯೇ ಹೊರತು ಸಮವಾಗುವುದು ಯಾವುದೂ ಇಲ್ಲ.

ಕಾರಣ ತಿಳಿಯಲು ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಇಂಜಿನ್ನಿನಿಂದ ನೇರವಾಗಿ ಕೆಳಗಿಳಿಯುವ ಶಾಫ್ಟಿನ ತುದಿಯಲ್ಲಿ ಒಂದು ಚಿಕ್ಕ ಪಿನಿಯನ್ ಗೇರ್ ಇದ್ದು, ಅದು ಮುಂದಿನ ಮತ್ತು ಹಿಂದಿನ ಗೇರುಗಳೆರಡನ್ನೂ ಯಾವಾಗಲೂ, ನ್ಯೂಟ್ರಲ್‌ನಲ್ಲಿದ್ದಾಗಲೂ, ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿಸುತ್ತಲೇ ಇರುತ್ತದೆ. ಅವೆರಡರ ನಡುವೆ, ಫ್ಯಾನಿನ ಶಾಫ್ಟಿನ ಮೇಲೆ ಅತ್ತಿತ್ತ ಜಾರುವ ದಪ್ಪನೆಯ ಉಕ್ಕಿನ ತುಂಡೊಂದಿದೆ. ಮೆಕ್ಯಾನಿಕ್‌ಗಳು ಅದನ್ನು ಡಾಗ್ ಎನ್ನುತ್ತಾರೆ. ನಾವು ಹಿಡಿಯನ್ನು ತಳ್ಳಿದಾಗ ಸರಳು ಈ ಡಾಗನ್ನು ಒಂದು ಬದಿಗೆ ಸರಿಸಿ, ಅದರ ಚೌಕ ಹಲ್ಲುಗಳು ಆ ಬದಿಯ ಗೇರಿನ ಹಲ್ಲುಗಳ ನಡುವೆ ಹೋಗಿ ಸಿಕ್ಕಿಕೊಳ್ಳುತ್ತವೆ. ಡಾಗ್ ಸರಿಯುವ ದೂರ ಕೆಲವೇ ಮಿಲಿಮೀಟರ್. ಸರಳಿನ ಮೇಲಿನ ತುಂಡು ಮತ್ತು ಕೆಳಗಿನ ತುಂಡನ್ನು ಕೂಡಿಸುವ ಉದ್ದನೆಯ ನಟ್ಟಿನಲ್ಲಿ ಒಂದೆರಡು ಸುತ್ತು ಹೆಚ್ಚುಕಡಿಮೆಯಾದರೂ ಸರಳಿನ ಉದ್ದ ಬದಲಾಗಿ, ಡಾಗ್ ಒಂದು ಗೇರಿನ ಕಡೆಗೆ ಸರಿಯಬೇಕಾದ ದೂರ ಮತ್ತೊಂದರ ಪಾಲಿಗೆ ಹೋಗುತ್ತದೆ. ಹಿಂದಿನ ಗೇರ್ ಗಟ್ಟಿಯಾಗಿ ಕುಳಿತು ಮುಂದಿನದು ಅರೆಬರೆ ಹಿಡಿಯುತ್ತಿದ್ದರೆ, ಅನುಮಾನ ಮೊದಲು ಹೋಗಬೇಕಾದದ್ದು ಈ ನಟ್ಟಿನ ಕಡೆಗೆ.

ಅರೆಬರೆ ಹಿಡಿದ ಗೇರ್ ಡ್ರಮ್ಮಿನಲ್ಲಿ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅಲ್ಲಿ ದೋಣಿಯನ್ನು ತಳ್ಳುವ ಹೊರೆಯೇ ಇರುವುದಿಲ್ಲ. ಹೊಳೆಯಲ್ಲಿ ನಿಧಾನವಾಗಿ ಹೋಗುವಾಗಲೂ ಗೊತ್ತಾಗಲಿಲ್ಲ. ಬಲೆ, ಮಂಜುಗಡ್ಡೆ, ಆಳುಗಳ ಭಾರ ಹೊತ್ತ ದೋಣಿಯನ್ನು ಅಲೆಗೆ ಎದುರಾಗಿ ಏರಿಸಲು ಥ್ರಾಟಲ್ ಪೂರ್ತಿ ತಿರುಗಿಸಿದಾಗ ಮಾತ್ರ, ಅಂಚಿನಲ್ಲಷ್ಟೇ ತಾಗಿಕೊಂಡಿದ್ದ ಹಲ್ಲುಗಳು ಒಂದರ ಮೇಲೊಂದು ಜಾರಿ ಗೇರ್ ಜಿಗಿಯಿತು, ಮತ್ತೆ ಹಿಡಿಯಿತು, ಮತ್ತೆ ಜಿಗಿಯಿತು. ಪ್ರತಿ ಸಲವೂ ತಳದಿಂದ ಸುತ್ತಿಗೆಯಲ್ಲಿ ಹೊಡೆದಂಥ ಪೆಟ್ಟು ಇಂಜಿನ್ ಕಟ್ಟಿದ ಹಲಗೆಯವರೆಗೂ ಕೇಳಿಸುತ್ತಿತ್ತು. ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಹೋದದ್ದರಿಂದ ಬಲೆಯೂ ಜೀವವೂ ಉಳಿದವು.

ಆಮೇಲೆ ನಡೆದದ್ದು ಇನ್ನೂ ಬೇಸರದ್ದು. ಅದೇ ರಿಪೇರಿಯವನು ಬಂದು, ಗೇರ್ ಹಿಡಿಯನ್ನು ಮುಂದಕ್ಕೆ ಎಳೆದಿಟ್ಟುಕೊಳ್ಳುವಂತೆ ಟ್ಯೂಬಿನ ರಬ್ಬರ್ ಪಟ್ಟಿಯೊಂದನ್ನು ಬಿಗಿದು, ಇದರಲ್ಲಿ ಋತು ಕಳೆಯಬಹುದು ಎಂದ. ಹೀಗೆ ಕಟ್ಟಿದರೆ ತುರ್ತಿನಲ್ಲಿ ನ್ಯೂಟ್ರಲ್‌ಗೆ ತರಲು ಕೈ ಸಾಗುವುದಿಲ್ಲ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಒಪ್ಪದಿದ್ದಾಗ ಮಾತು ಬದಲಿಸಿ, ಉಪ್ಪುನೀರಿಗೆ ಗೇರ್‌ಬಾಕ್ಸ್ ಹೋಗಿದೆ, ಕೇಸಿಂಗ್ ಸಮೇತ ಬದಲಿಸಬೇಕು ಎಂದು ದೊಡ್ಡ ಮೊತ್ತವೊಂದನ್ನು ಹೇಳಿದ. ನಾವು ಬೇರೆ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು. ಅವರು ಏನನ್ನೂ ಬಿಚ್ಚುವ ಮೊದಲು, ಇಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದಂತೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪುಗಳನ್ನು ತೆಗೆದು, ಹಿಡಿಯನ್ನು ಮುಂದಿನ ಗೇರಿಗೆ ಹಾಕಿ, ಫ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಗಟ್ಟಿಯಾಗಿ ತಡೆಯಬೇಕಾದ ದಿಕ್ಕಿನಲ್ಲಿ ಅದು ಕಟಕಟ ಎಂದು ಹಲ್ಲು ದಾಟುತ್ತಿತ್ತು. ಸರಳಿನ ನಟ್ಟಿಗೆ ಕೆಳಗಿನ ತುಂಡಿನ ನಾಲ್ಕೈದು ಎಳೆಗಳಷ್ಟೇ ಹೊಕ್ಕಿದ್ದವು, ಲಾಕ್ ನಟ್ಟು ಸಡಿಲವಾಗಿತ್ತು. ಅಂದೇ ಅದನ್ನು ಸರಿಪಡಿಸಿದ್ದರೆ ಕೆಲಸ ಸ್ಪ್ಯಾನರಿನಲ್ಲಿ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಡಾಗಿನ ಚೌಕ ಹಲ್ಲುಗಳ ಮೂಲೆಗಳು ಸವೆದು ಗುಂಡಗಾಗಿದ್ದವು. ಹೀಗಾದ ಹಲ್ಲನ್ನು ಯಾವ ಅಡ್ಜಸ್ಟ್‌ಮೆಂಟೂ ಸರಿ ಮಾಡುವುದಿಲ್ಲವಾದ್ದರಿಂದ ಡಾಗನ್ನೂ ಮುಂದಿನ ಗೇರನ್ನೂ ಬದಲಿಸಬೇಕಾಯಿತು. ಕೇಸಿಂಗಿಗೆ ಏನೂ ಆಗಿರಲಿಲ್ಲ.

ಗೇರ್ ಜಿಗಿಯುತ್ತಿದೆ ಎಂದು ತೋರುವ ಎಲ್ಲವೂ ಗೇರಿನ ದೋಷವಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಅನಗತ್ಯವಾಗಿ ಗೇರ್‌ಬಾಕ್ಸ್ ಬಿಚ್ಚಿಸಿ ಹಣ ಕಳೆದುಕೊಂಡವರೂ ಇದ್ದಾರೆ. ಫ್ಯಾನಿನ ನಡುವೆ ಒತ್ತಿ ಕೂರಿಸಿದ ರಬ್ಬರ್ ಬುಶ್ ಜಾರತೊಡಗಿದರೆ, ಥ್ರಾಟಲ್ ಏರಿಸಿದಾಗ ಇಂಜಿನ್ನಿನ ಸದ್ದು ಪೆಟ್ಟಿಲ್ಲದೆ ನುಣ್ಣಗೆ ಏರುತ್ತದೆ, ದೋಣಿಯ ವೇಗ ಏರುವುದಿಲ್ಲ, ಇಳಿಸಿದರೆ ಮತ್ತೆ ಹಿಡಿಯುತ್ತದೆ. ಒಳಗಿನ ಬುಶ್ಶಿನಿಂದ ರೆಕ್ಕೆಗಳಿರುವ ಹೊರಗಿನ ಗುಂಬದವರೆಗೆ ಬಣ್ಣದ ಒಂದು ಗೆರೆ ಎಳೆದು ಓಡಿಸಿ ಬಂದು ನೋಡಿದರೆ, ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದಲ್ಲಿ ದೋಷ ಬುಶ್ಶಿನದೇ. ಶಿಯರ್ ಪಿನ್ (ಫ್ಯಾನನ್ನು ಶಾಫ್ಟಿಗೆ ಕೂಡಿಸುವ, ಪೆಟ್ಟು ಬಿದ್ದರೆ ತುಂಡಾಗುವ ಮೊಳೆ) ಇರುವ ಚಿಕ್ಕ ಇಂಜಿನ್ನುಗಳಲ್ಲಿ ಪಿನ್ ತುಂಡಾದರೆ ಎರಡೂ ಗೇರಿನಲ್ಲಿ ದೋಣಿ ಅಲುಗುವುದಿಲ್ಲ. ಪ್ರವಾಸಿ ದೋಣಿಗಳಂತೆ ದೂರದಿಂದ ಕೇಬಲ್ಲಿನಲ್ಲಿ ಗೇರ್ ಹಾಕುವ ವ್ಯವಸ್ಥೆಯಿದ್ದರೆ, ಇಂಜಿನ್ನಿನ ತುದಿಯಲ್ಲಿ ಕೇಬಲ್ ಕಳಚಿ ಅಲ್ಲಿನ ಲಿವರನ್ನು ಕೈಯಲ್ಲೇ ಸರಿಸಿ ನೋಡಬೇಕು. ಅದು ಹಗುರವಾಗಿ ಸರಿದರೆ ತುಕ್ಕು ಹಿಡಿದಿರುವುದು ಕೇಬಲ್.

ಗೇರ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಹೆಚ್ಚಾಗಿ ಫ್ಯಾನಿನ ಹಿಂದೆ ಸುತ್ತಿಕೊಂಡ ಬಲೆಯ ನೂಲು ಅಲ್ಲಿನ ಸೀಲನ್ನು ಕೊಯ್ದಿರುತ್ತದೆ. ಆಯಿಲನ್ನು 100 ಗಂಟೆಗೊಮ್ಮೆಯಾದರೂ ಬದಲಿಸಿ, ಕೆಳಗಿನ ಸ್ಕ್ರೂ ತೂತಿನಿಂದಲೇ ಮೇಲಿನ ತೂತಿನಲ್ಲಿ ಹೊರಬರುವವರೆಗೆ ತುಂಬಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಹಿಡಿಯನ್ನು ಮೆಲ್ಲಮೆಲ್ಲಗೆ ಸರಿಸಿದರೆ ಗೇರಿಗೆ ಒಳ್ಳೆಯದು ಎಂದು ಹಲವರು ಭಾವಿಸುತ್ತಾರೆ. ಹಾಗೆ ಸರಿಸಿದಷ್ಟೂ ಹೊತ್ತು ಹಲ್ಲುಗಳು ಒಂದನ್ನೊಂದು ಉಜ್ಜುತ್ತವೆ. ಇಂಜಿನ್ ಐಡ್ಲಿಂಗಿಗೆ ಇಳಿದ ಮೇಲೆ ಹಿಡಿಯನ್ನು ಒಂದೇ ಸಲಕ್ಕೆ, ಅಳುಕದೆ ತಳ್ಳಬೇಕು. ಸೀಮೆಎಣ್ಣೆಯಲ್ಲಿ ಓಡಿಸುವಾಗ ಐಡ್ಲಿಂಗ್ ನಿಲ್ಲುವುದಿಲ್ಲವೆಂದು ಅದನ್ನು ಏರಿಸಿಟ್ಟ ಇಂಜಿನ್ನುಗಳಲ್ಲಿ ಹಲ್ಲುಗಳಿಗೆ ಬೀಳುವ ಪೆಟ್ಟು ಹೆಚ್ಚು. ಅಲ್ಲಿ ಸರಿಪಡಿಸಬೇಕಾದದ್ದು ಕಾರ್ಬ್ಯುರೇಟರ್.

ಆದ್ದರಿಂದ ರಿಪೇರಿಯಾದ ಇಂಜಿನ್ನನ್ನು ಒಪ್ಪಿಕೊಳ್ಳುವಾಗ ಡ್ರಮ್ಮಿನ ಓಟಕ್ಕೆ ತೃಪ್ತರಾಗದೆ, ಪ್ಲಗ್ಗಿನ ಕ್ಯಾಪ್ ತೆಗೆಸಿ ಫ್ಯಾನ್ ತಿರುಗಿಸಿ ನೋಡಿ. ನ್ಯೂಟ್ರಲ್‌ನಲ್ಲಿ ಅದು ಎರಡೂ ಕಡೆ ಸಲೀಸಾಗಿ ತಿರುಗಬೇಕು, ಮುಂದಿನ ಗೇರಿನಲ್ಲಿ ಕನಿಷ್ಠ ಒಂದು ದಿಕ್ಕಿಗಾದರೂ ಗೋಡೆಗೆ ತಾಗಿದಂತೆ ತಡೆಯಬೇಕು. ಆಮೇಲೆ ದೋಣಿಯನ್ನು ದಕ್ಕೆಗೆ ಗಟ್ಟಿ ಹಗ್ಗದಲ್ಲಿ ಕಟ್ಟಿ, ಯಾರೂ ಹಗ್ಗದ ಬಳಿ ನಿಲ್ಲದಂತೆ ನೋಡಿಕೊಂಡು, ಮುಂದಿನ ಗೇರಿನಲ್ಲಿ ಥ್ರಾಟಲನ್ನು ಹಂತಹಂತವಾಗಿ ಏರಿಸಿದರೆ ದೋಷವಿದ್ದಲ್ಲಿ ದಡದಲ್ಲೇ ಹೊರಬೀಳುತ್ತದೆ. ತೆಗೆದ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯಿರಿ.

ಇಷ್ಟಾಗಿಯೂ ಕಡಲಿನಲ್ಲಿ ಗೇರ್ ಜಿಗಿದರೆ ತಕ್ಷಣ ಥ್ರಾಟಲ್ ಇಳಿಸಿ. ಜೋರಾಗಿ ಓಡುತ್ತಿರುವ ಇಂಜಿನ್ನಿಗೆ ಮತ್ತೆ ಗೇರ್ ತುರುಕಲು ಹೋಗಬೇಡಿ. ಐಡ್ಲಿಂಗಿನಲ್ಲಿ ಹಿಡಿದರೆ ಅದೇ ನಿಧಾನ ವೇಗದಲ್ಲಿ ಬನ್ನಿ. ಹಿಂದಿನ ಗೇರ್ ಮಾತ್ರ ಉಳಿದಿದ್ದರೆ ಹೊಳೆಯೊಳಗೆ ಹಿಮ್ಮುಖವಾಗಿ ಬರಬಹುದು, ಅಳಿವೆಯ ಅಲೆಯಲ್ಲಿ ಮಾತ್ರ ಬೇಡ, ಇಂಜಿನ್ ಕಟ್ಟಿದ ತಗ್ಗಿನ ಬದಿಯಿಂದ ನೀರು ಒಳನುಗ್ಗುತ್ತದೆ. ಅಲ್ಲಿ ಲಂಗರು ಇಳಿಸಿ ದೋಣಿಯ ಮೂತಿ ಅಲೆಯ ಕಡೆಗೇ ಇರುವಂತೆ ನೋಡಿಕೊಂಡು, ಹತ್ತಿರದ ದೋಣಿಯವರಿಗೆ ತಿಳಿಸಿ. ಯಾರೂ ಸಿಗದಿದ್ದರೆ ಕೋಸ್ಟ್ ಗಾರ್ಡಿನ ಉಚಿತ ಸಂಖ್ಯೆ 1554ಕ್ಕೆ ಕರೆ ಮಾಡಿ.