8080 ಪೋರ್ಟ್ ಹಿಡಿದು ಕೂತವರು ಯಾರು: ಎಸ್‌ಎಸ್, ಎಲ್‌ಸಾಫ್, ಫ್ಯೂಸರ್?

ತಮ್ಮಾ, ರಾಯಚೂರಿನ ರೈಸ್ ಮಿಲ್ಲಿನ ಬಿಲ್ಲಿಂಗ್ ಸರ್ವರ್ ‘ಅಡ್ರೆಸ್ ಈಗಾಗಲೇ ಬಳಕೆಯಲ್ಲಿದೆ’ ಅಂತ ಹಟ ಹಿಡಿದಿದೆ, ಅದರ 8080 ಪೋರ್ಟನ್ನು (ಪ್ರೋಗ್ರಾಮ್‌ಗಳು ನೆಟ್‌ವರ್ಕಿನಲ್ಲಿ ಮಾತಾಡುವ ಬಾಗಿಲಿನ ನಂಬರು) ಬೇರೆ ಯಾರು ಹಿಡಿದಿದ್ದಾರೆ ಅಂತ ಹುಡುಕಲು ಎಸ್‌ಎಸ್ (ss), ಎಲ್‌ಸಾಫ್ (lsof), ಫ್ಯೂಸರ್ (fuser) ಈ ಮೂರರಲ್ಲಿ ಯಾವ ಕಮಾಂಡ್ ಹಿಡಿಯಲಿ ಅಂತ ಕೇಳಿದ್ದಿ.

ಕೈಗೆ ಸಿಗುವ ಮಾತಾದರೆ ಎಸ್‌ಎಸ್ ಮುಂದು. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಮೊದಲೇ ಇರುತ್ತದೆ. ಹಳೆಯ ನೆಟ್‌ಸ್ಟ್ಯಾಟ್ ಕಮಾಂಡಿನ ಜಾಗಕ್ಕೆ ಬಂದದ್ದು ಇದೇ. ಉಳಿದೆರಡನ್ನು ಎಷ್ಟೋ ಸರ್ವರ್‌ಗಳಲ್ಲಿ ನಾವೇ ಹಾಕಿಕೊಳ್ಳಬೇಕು. ಮಿಲ್ಲಿನಲ್ಲಿ ಇಂಟರ್ನೆಟ್ ಕೈಕೊಟ್ಟ ದಿನ ಇದರ ಬೆಲೆ ತಿಳಿಯುತ್ತದೆ.

ವಿವರ ಬೇಕಾದರೆ ಎಲ್‌ಸಾಫ್. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಹೆಸರು, ಪಿಐಡಿ (ಅದರ ನಂಬರು), ಓಡಿಸಿದ ಯೂಸರ್, ಎಲ್ಲ ಒಂದೇ ಸಾಲಿನಲ್ಲಿ. ಆದರೆ ಪೋರ್ಟ್ ನಂಬರ್ ಕೊಟ್ಟು ಕೇಳಿದರೆ, ಪೋರ್ಟ್ ಹಿಡಿದವನ ಜೊತೆಗೆ ಅದೇ ಯಂತ್ರದಿಂದ ಅದಕ್ಕೆ ಜೋಡಿಕೊಂಡ ಕ್ಲೈಂಟ್‌ಗಳನ್ನೂ ತೋರಿಸುತ್ತದೆ. ‘ಲಿಸನ್’ ಅಂತಿರುವ ಸಾಲನ್ನೇ ನೋಡು, ಪೋರ್ಟ್ ಹಿಡಿದವನದು ಅದೇ. ಅವಸರದಲ್ಲಿ ಬ್ರೌಸರನ್ನೇ ಕೊಂದವನು ನಾನು!

ಫ್ಯೂಸರ್ ಮಿತಭಾಷಿ, ಕೊಡುವುದು ಬರೀ ಪಿಐಡಿ. ಸ್ಕ್ರಿಪ್ಟಿಗೆ ಅನುಕೂಲ. ಅದರ ‘ಕೆ’ ಆಯ್ಕೆ ಮಾತ್ರ ಒಂದು ಮಾತೂ ಕೇಳದೆ ಸಿಗ್‌ಕಿಲ್ (ಪ್ರೋಸೆಸನ್ನು ತಕ್ಷಣ ಕೊಲ್ಲುವ ಸಿಗ್ನಲ್) ಕಳಿಸುತ್ತದೆ. ಪ್ರೋಸೆಸ್‌ಗೆ ಕೆಲಸ ಮುಗಿಸಿಕೊಳ್ಳಲೂ ಬಿಡುವಿಲ್ಲ. ಟೆಸ್ಟ್ ಯಂತ್ರದಲ್ಲಾದರೆ ಸೈ, ಬಿಲ್ಲಿನ ಡೇಟಾಬೇಸ್ ಇರುವಲ್ಲಿ ಮುಟ್ಟಬೇಡ.

ಯಾವುದೇ ಇರಲಿ, ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕು. ಇಲ್ಲದಿದ್ದರೆ ಬೇರೆ ಯೂಸರ್‌ನ ಪ್ರೋಸೆಸ್ ಯಾವುದೆಂದು ಕಾಣುವುದಿಲ್ಲ.