ಡಬ್ಲ್ಯೂ ಒತ್ತಿದ್ರೆ ಇಡೀ ಬಟ್ಟೆ ಕಾಣುತ್ತೆ: ಬಟ್ಟೆ ಪ್ರಿಂಟ್ ಸ್ಪರ್ಧೆಗೆ ಕ್ರಿಟಾ ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ದಾವಣಗೆರೆ, ನಿಟ್ಟುವಳ್ಳಿ ಕಡೆ ಮನೆ, ಮುಂದಿನ ರೂಮಲ್ಲೇ ಟೈಲರಿಂಗ್ ಮಾಡ್ತೀನಿ. ಬ್ಲೌಸು, ಚೂಡಿದಾರ್, ಮಕ್ಕಳ ಫ್ರಾಕು. ದಿನಾ ಕೈಯಲ್ಲಿ ಪ್ರಿಂಟ್ ಬಟ್ಟೆನೇ ಇರುತ್ತಲ್ಲ, ಕತ್ತರಿ ಹಾಕೋವಾಗ ಮನಸ್ಸಲ್ಲಿ ಅಂದ್ಕೊಳ್ತಿದ್ದೆ, ಈ ಹೂವು ಇಲ್ಲಿ ಬರಬಾರದಿತ್ತು, ಈ ಬಳ್ಳಿ ಇಷ್ಟು ದಪ್ಪ ಬೇಡಿತ್ತು ಅಂತ. ಹಂಗೆ ಅಂದ್ಕೊಂಡು ಅಂದ್ಕೊಂಡು ಬಟರ್ ಪೇಪರ್ ಮೇಲೆ ನಾನೇ ಬಿಡಿಸೋಕೆ ಶುರು ಮಾಡಿದೆ. ಆಮೇಲೆ ಅಕ್ಕನ ಮಗ ಅವನ ಹಳೇ ಲ್ಯಾಪ್‌ಟಾಪ್ ಕೊಟ್ಟು ಅದರಲ್ಲಿ ಕ್ರಿಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಹಾಕ್ಕೊಟ್ಟ, "ಚಿಕ್ಕಮ್ಮ, ಇದು ಫ್ರೀ, ದುಡ್ಡು ಕೇಳಲ್ಲ, ಧೈರ್ಯವಾಗಿ ಬಿಡಿಸು" ಅಂದ. ಅಲ್ಲಿಂದ ನಾಲ್ಕು ವರ್ಷ ಆಯ್ತು, ಬಟ್ಟೆ ಪ್ರಿಂಟ್ ಡಿಸೈನ್ ಸ್ಪರ್ಧೆಗಳಿಗೆ ಇದರಲ್ಲೇ ಮಾಡಿ ಕಳಿಸ್ತಾ ಇದೀನಿ, ಹತ್ತಿರ ಹತ್ತಿರ ಎಪ್ಪತ್ತು ಡಿಸೈನ್ ಆಗಿರಬೇಕು, ಅದಕ್ಕೇ ಈಗ ಬರೀತಾ ಇದೀನಿ. ಒಂದು ವಾರ ಬಳಸಿ ಬರೆದಿದ್ರೆ ಇದು ಬೇರೆನೇ ವಿಮರ್ಶೆ ಆಗ್ತಿತ್ತು.

ಗೊತ್ತಿಲ್ಲದೋರಿಗೆ ಮೊದಲು ಸ್ಪರ್ಧೆ ಬಗ್ಗೆ ಹೇಳಿಬಿಡ್ತೀನಿ. ಬಟ್ಟೆ ಮೇಲೆ ಆರ್ಡರ್ ಬಂದಷ್ಟೇ ಡಿಜಿಟಲ್ ಪ್ರಿಂಟ್ ಹಾಕಿಕೊಡೋ ಸೈಟ್‌ಗಳು ಇದಾವೆ, ಅಮೆರಿಕದ ನಾರ್ತ್ ಕರೊಲಿನಾದಲ್ಲಿ 2008ರಲ್ಲಿ ಶುರುವಾದ ಸ್ಪೂನ್‌ಫ್ಲವರ್ ಅದರಲ್ಲಿ ಹೆಸರಾಗಿದ್ದು, ಅಲ್ಲಿ ಒಂದು ಥೀಮ್ ಕೊಡ್ತಾರೆ, ಜನ ಡಿಸೈನ್ ಕಳಿಸ್ತಾರೆ, ನೋಡೋರು ವೋಟ್ ಹಾಕ್ತಾರೆ. ಅದನ್ನ ನೋಡಿ ಚಿಕ್ಕಪುಟ್ಟ ಗುಂಪುಗಳೂ ಇದೇ ತರ ಥೀಮ್ ಸ್ಪರ್ಧೆ ಮಾಡ್ತಾರೆ. ಥೀಮ್ ಅಂದ್ರೆ ತಿಂಡಿ, ನೀರು, ರಾತ್ರಿ ತೋಟ, ಇಲ್ಲಾಂದ್ರೆ ಮೂರೇ ಬಣ್ಣದಲ್ಲಿ ಮಾಡಿ ಅಂತ. ನಿಮ್ಮ ಚಿತ್ರ ಎಷ್ಟೇ ಚಂದ ಇರಲಿ, ಅದು ಒಂದು ಚೌಕ, ಆ ಚೌಕ ಮೇಲೆ ಕೆಳಗೆ ಅಕ್ಕಪಕ್ಕ ಸೇರ್ತಾ ಹೋಗಿ ಬಟ್ಟೆ ಆಗಬೇಕು, ಸೇರೋ ಜಾಗ ಕಾಣಬಾರದು. ಇಡೀ ಕಷ್ಟ ಇರೋದೇ ಅಲ್ಲಿ.

ಪೇಪರಲ್ಲಿ ಮಾಡೋವಾಗ ನಾನು ಹಳೇ ಪದ್ಧತಿ ಮಾಡ್ತಿದ್ದೆ. ಚೌಕದ ನಡುವೆ ಮಾತ್ರ ಬಿಡಿಸೋದು, ಅಂಚು ಮುಟ್ಟಬಾರದು, ಆಮೇಲೆ ಪೇಪರ್ ನಾಲ್ಕು ತುಂಡು ಮಾಡಿ ಮೂಲೆಗಳನ್ನ ಅದಲು ಬದಲು ಮಾಡಿ ಅಂಟಿಸೋದು, ಆಗ ಹೊರಗಿನ ಅಂಚು ಒಳಗೆ ಬರುತ್ತೆ, ನಡುವೆ ಖಾಲಿ ಜಾಗ ಸಿಗುತ್ತೆ, ಅದನ್ನ ತುಂಬೋದು. ಕೆಲಸ ಆಗುತ್ತೆ, ಆದ್ರೆ ಇಡೀ ಬಟ್ಟೆ ಹೆಂಗೆ ಕಾಣುತ್ತೆ ಅಂತ ಗೊತ್ತಾಗಬೇಕಂದ್ರೆ ಒಂಬತ್ತು ಝೆರಾಕ್ಸ್ ತೆಗೆಸಿ ನೆಲದ ಮೇಲೆ ಜೋಡಿಸಿ ಕುರ್ಚಿ ಮೇಲೆ ನಿಂತು ನೋಡಬೇಕು. ನಾನು ಹಂಗೇ ಮಾಡ್ತಿದ್ದೆ.

ಕ್ರಿಟಾದಲ್ಲಿ ಡಬ್ಲ್ಯೂ ಕೀ ಒತ್ತಿದ್ರೆ ಸಾಕು. ರ‍್ಯಾಪ್ ಅರೌಂಡ್ ಮೋಡ್ ಅಂತಾರೆ. ನಿಮ್ಮ ಚೌಕ ಎಲ್ಲಾ ಕಡೆ ಹಬ್ಬಿಕೊಂಡು ಸ್ಕ್ರೀನ್ ತುಂಬಾ ಬಟ್ಟೆ ಆಗಿಬಿಡುತ್ತೆ, ಮತ್ತೆ ಆ ಬಟ್ಟೆಯ ಯಾವ ಜಾಗದಲ್ಲಿ ಗೆರೆ ಎಳೆದ್ರೂ ಎಲ್ಲಾ ಚೌಕದಲ್ಲೂ ಅದೇ ಗೆರೆ ಅದೇ ಕ್ಷಣ ಬರುತ್ತೆ, ಅಂಚು ದಾಟಿ ಎಳೆದ ಬಳ್ಳಿ ಆ ಕಡೆಯಿಂದ ತಾನೇ ಒಳಗೆ ಬಂದಿರುತ್ತೆ. ಮೊದಲನೇ ಸಲ ನೋಡಿದಾಗ ನಾನು ಸುಮ್ನೆ ಅರ್ಧ ಗಂಟೆ ಬಳ್ಳಿನೇ ಎಳೀತಾ ಕೂತಿದ್ದೆ, ಅಷ್ಟು ಖುಷಿ ಆಗಿತ್ತು. ಹಳೇ ಲ್ಯಾಪ್‌ಟಾಪ್ ಇರೋರು ಒಂದು ನೋಡ್ಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಕ್ಯಾನ್ವಾಸ್ ಗ್ರಾಫಿಕ್ಸ್ ಆಕ್ಸಲರೇಶನ್ ಆನ್ ಇರಬೇಕು, ಇಲ್ಲಾಂದ್ರೆ ಡಬ್ಲ್ಯೂ ಒತ್ತಿದ್ರೂ ಏನೂ ಆಗಲ್ಲ, ನಂದೂ ಎರಡು ದಿನ ಆಗಿರಲಿಲ್ಲ.

ಆದ್ರೆ ನಿಜವಾದ ಉಪಯೋಗ ಅಂಚು ಸೇರೋದಲ್ಲ, ಅದು ನನಗೆ ಒಂದು ವರ್ಷ ಆದ ಮೇಲೆ ಗೊತ್ತಾಯ್ತು. ತಿಂಡಿ ಥೀಮ್ ಬಂದಿತ್ತು. ಅಂಥ ಥೀಮ್‌ಗೆ ಎಲ್ಲರೂ ನಿಂಬೆಹಣ್ಣು, ಸ್ಟ್ರಾಬೆರಿ, ಕಪ್ ಕೇಕ್ ಬಿಡಿಸ್ತಾರೆ. ನಮ್ಮೂರಲ್ಲಿ ಬೆಣ್ಣೆ ದೋಸೆ ಐತೆ, ಆದ್ರೆ ದೋಸೆ ಬಟ್ಟೆ ಮೇಲೆ ಬರೀ ಗುಂಡಗೆ ಕಂದು ಮಚ್ಚೆ ತರ ಕಾಣುತ್ತೆ, ಬಿಡಿಸಿ ನೋಡಿ ಬಿಟ್ಟೆ. ಮಂಡಕ್ಕಿ ಮಿರ್ಚಿ ಹಿಡ್ಕೊಂಡೆ. ಬಿಳಿ ಮಂಡಕ್ಕಿ ಕಾಳು ಚೆಲ್ಲಿದ ಹಂಗೆ, ನಡುವೆ ಉದ್ದುದ್ದ ಮಿರ್ಚಿ, ಅಲ್ಲಲ್ಲಿ ಈರುಳ್ಳಿ ಬಳೆ, ಹಿಂದೆ ಅರಿಶಿನ ಬಣ್ಣ. ಒಂದು ಚೌಕದಲ್ಲಿ ನೋಡಿದ್ರೆ ಭಾಳ ಚಂದ. ಡಬ್ಲ್ಯೂ ಒತ್ತಿ ಝೂಮ್ ಔಟ್ ಮಾಡಿದೆ, ಮಿರ್ಚಿಗಳೆಲ್ಲ ಒಂದೇ ಕಡೆ ವಾಲಿ ಬಟ್ಟೆ ತುಂಬಾ ಓರೆ ಪಟ್ಟೆ ಬಿದ್ದುಬಿಟ್ಟಿತ್ತು! ಮಂಡಕ್ಕಿ ಕಾಣಲ್ಲ, ತಿಂಡಿ ಕಾಣಲ್ಲ, ಬರೀ ಪಟ್ಟೆ. ಇದು ಪ್ರಿಂಟ್ ಆದ ಮೇಲೆ ಗೊತ್ತಾದ್ರೆ ಬಟ್ಟೆ ಹಾಳು, ದುಡ್ಡು ಹಾಳು. ಮೂರು ಮಿರ್ಚಿ ತಿರುಗಿಸಿ, ಒಂದನ್ನ ತಲೆಕೆಳಗೆ ಮಾಡಿ, ಈರುಳ್ಳಿನ ಆ ಪಟ್ಟೆ ಬೀಳೋ ದಾರಿಗೆ ಅಡ್ಡ ಇಟ್ಟೆ, ಸರಿ ಹೋಯ್ತು. ಅವತ್ತಿಂದ ನಾನು ಹತ್ತಿರ ಕೂತು ಹತ್ತು ನಿಮಿಷ ಬಿಡಿಸಿದ್ರೆ ಒಂದ್ಸಲ ದೂರ ಹೋಗಿ ನೋಡ್ತೀನಿ. ಕಣ್ಣು ಅರ್ಧ ಮುಚ್ಚಿ ನೋಡಿದ್ರೆ ಇನ್ನೂ ಚೆನ್ನಾಗಿ ಸಿಗುತ್ತೆ, ಎಲ್ಲಿ ದಟ್ಟ ಆಗೈತೆ ಎಲ್ಲಿ ತೂತು ಬಿದ್ದೈತೆ ಅಂತ.

ಆ ಡಿಸೈನ್‌ಗೆ ಬಹುಮಾನ ಬರಲಿಲ್ಲ, ಆದ್ರೆ ಅಲ್ಲಿವರೆಗೆ ನನಗೆ ಬಂದ ವೋಟ್‌ಗಳಲ್ಲಿ ಅದೇ ಜಾಸ್ತಿ. ಇದು ಯಾವ ತಿಂಡಿ ಅಂತ ಕೇಳಿದೋರೇ ಹೆಚ್ಚು.

ಈಗ ಕೊರತೆ. ರ‍್ಯಾಪ್ ಅರೌಂಡ್ ಚೌಕಗಳನ್ನ ನೆಟ್ಟಗೆ ಜೋಡಿಸುತ್ತೆ, ಟೈಲ್ಸ್ ಹಾಕಿದ ಹಂಗೆ. ಬಟ್ಟೆಗೆ ಬೇಕಾಗೋದು ಹೆಚ್ಚಾಗಿ ಹಾಫ್ ಡ್ರಾಪ್, ಅಂದ್ರೆ ಪಕ್ಕದ ಸಾಲು ಅರ್ಧ ಕೆಳಗೆ ಇಳಿದಿರಬೇಕು, ಆಗ ಕಣ್ಣು ಚೌಕನ ಹಿಡಿಯಲ್ಲ. ಅಡೋಬಿಯ ಇಲಸ್ಟ್ರೇಟರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ 2012ರ ಸಿಎಸ್6 ವರ್ಷನ್‌ನಿಂದ್ಲೇ ಇದಕ್ಕೆ ಪ್ಯಾಟರ್ನ್ ಆಪ್ಶನ್ಸ್ ಅಂತ ಬೇರೆ ಪ್ಯಾನೆಲ್ ಐತೆ, ಆದ್ರೆ ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ನನ್ನ ಸಂಪಾದನೆಗೆ ಅದು ಆಗೋ ಮಾತಲ್ಲ. ನಾನು ಮಾಡ್ಕೊಂಡಿರೋ ದಾರಿ ಹೇಳ್ತೀನಿ. ಹೂವಿನ ಲೇಯರ್, ಅಂದ್ರೆ ಹೂವು ಬಿಡಿಸಿರೋ ಪದರ, ಅದನ್ನ ಕಾಪಿ ಮಾಡಿ, ಆ ಕಾಪಿಗೆ ಆಫ್‌ಸೆಟ್ ಲೇಯರ್ ಅಂತ ಐತೆ, ಅದರಲ್ಲಿ ಅಡ್ಡ ಉದ್ದ ಎರಡಕ್ಕೂ ಕ್ಯಾನ್ವಾಸಿನ, ಅಂದ್ರೆ ಬಿಡಿಸೋ ಚೌಕದ, ಅರ್ಧ ಅಳತೆ ಕೊಡ್ರಿ, 2400 ಪಿಕ್ಸೆಲ್ ಕ್ಯಾನ್ವಾಸ್ ಆದ್ರೆ 1200 1200. ಆಚೆ ಹೋದದ್ದು ಈ ಕಡೆಯಿಂದ ಒಳಗೆ ಬರುತ್ತೆ, ಹಾಫ್ ಡ್ರಾಪ್ ರೆಡಿ. ಮೊದಲನೇ ಲೇಯರಲ್ಲಿ ಏನಾದ್ರೂ ಬದಲು ಮಾಡಿದ್ರೆ ಕಾಪಿ ಮತ್ತೆ ಹೊಸದಾಗಿ ಮಾಡಬೇಕು, ಅದೊಂದು ಬೇಜಾರು.

ಸಂತೆಬೆನ್ನೂರು ಪುಷ್ಕರಣಿ ಡಿಸೈನ್ ಹಿಂಗೇ ಮಾಡಿದ್ದು. ನೀರು ಅಂತ ಥೀಮ್ ಇತ್ತು. ಎಲ್ಲರೂ ಅಲೆ, ಮೀನು, ಚಿಪ್ಪು ಬಿಡಿಸ್ತಾರೆ ಅಂತ ಗೊತ್ತಿತ್ತು, ಸಮುದ್ರ ನಮ್ಮ ಕಡೆ ಎಲ್ಲೈತೆ? ನಮಗೆ ನೀರು ಅಂದ್ರೆ ಕೆರೆ, ಹೊಂಡ, ಮೆಟ್ಟಿಲು. ಒಂದು ಭಾನುವಾರ ಬಸ್ ಹತ್ತಿ ಸಂತೆಬೆನ್ನೂರಿಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸ್ಕೆಚ್ ಮಾಡಿದೆ. ನಡುನೀರಲ್ಲಿ ಮಂಟಪ ನಿಂತೈತೆ, ಸುತ್ತ ಮೆಟ್ಟಿಲು ಇಳೀತಾ ಹೋಗ್ತಾವೆ, ಆ ಮೆಟ್ಟಿಲ ನೆರಳೇ ಒಂದು ಡಿಸೈನ್. ಮಂಟಪ ಬಿಡಿಸಬೇಕು ಅಂತ ಹೋದೋಳು ಮಂಟಪ ಬಿಟ್ಟು ಬರೀ ಮೆಟ್ಟಿಲು ಮತ್ತು ನೀರಲ್ಲಿ ಅದರ ನೆರಳು ತಗೊಂಡೆ. ಯಾಕಂದ್ರೆ ಟೈಲರ್ ಬುದ್ಧಿ ಅಡ್ಡ ಬಂತು: ಮಂಟಪಕ್ಕೆ ತಲೆ ಬುಡ ಐತೆ, ಅದು ಒಂದೇ ದಿಕ್ಕಿನ ಪ್ರಿಂಟ್ ಆಗುತ್ತೆ, ಅಂಥ ಬಟ್ಟೆಲಿ ಪೀಸ್‌ಗಳನ್ನ ಉಲ್ಟಾ ಪಲ್ಟಾ ಇಟ್ಟು ಕತ್ತರಿಸೋಕೆ ಬರಲ್ಲ, ಎಲ್ಲಾ ಒಂದೇ ಮುಖ ಇಡಬೇಕು, ಬಟ್ಟೆ ಜಾಸ್ತಿ ಬೇಕು. ಹೊಲಿಗೆ ಬಲ್ಲೋರು ಇದನ್ನ ಕೊಳ್ಳೋವಾಗಲೇ ಯೋಚಿಸ್ತಾರೆ. ಸ್ಪರ್ಧೆಲಿ ಎಷ್ಟೋ ಚಂದದ ಡಿಸೈನ್ ನೋಡ್ತೀನಿ, ಗೋಡೆಗೆ ಹಾಕೋಕೆ ಒಪ್ಪುತ್ತೆ, ಬ್ಲೌಸ್‌ಗೆ ಆಗಲ್ಲ.

ಅಳತೆ ವಿಷಯಾನೂ ಹಂಗೇ. ಸ್ಕ್ರೀನಲ್ಲಿ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಬಟ್ಟೆ ಪ್ರಿಂಟ್‌ಗೆ ಒಂದು ಇಂಚಿಗೆ 150 ಪಿಕ್ಸೆಲ್ ಇದ್ರೆ ಸಾಕು ಅಂತ ಹೆಚ್ಚಿನ ಕಡೆ ಹೇಳ್ತಾರೆ, ಅಂದ್ರೆ 2400 ಪಿಕ್ಸೆಲ್ ಚೌಕ ಬಟ್ಟೆ ಮೇಲೆ 16 ಇಂಚು. 16 ಇಂಚು ಅಂದ್ರೆ ಎಷ್ಟು ದೊಡ್ಡದು ಗೊತ್ತಾ, ಬ್ಲೌಸಿನ ಬೆನ್ನು ಪೂರ್ತಿ ಒಂದೇ ಚೌಕದಲ್ಲಿ ಮುಗಿದುಹೋಗುತ್ತೆ, ರಿಪೀಟ್ ಕಾಣೋದೇ ಇಲ್ಲ! ನಾನು ಈಗ ಒಂದು ಭಾಗನ ಎ4 ಹಾಳೆ ಮೇಲೆ ನಿಜವಾದ ಅಳತೆಲಿ ಪ್ರಿಂಟ್ ತೆಗೆಸಿ, ಹೊಲಿದಿಟ್ಟ ಬ್ಲೌಸ್ ಮೇಲೆ ಪಿನ್ ಮಾಡಿ ನೋಡ್ತೀನಿ. ಐದು ರೂಪಾಯಿ ಹತ್ತು ರೂಪಾಯಿ ಖರ್ಚು, ಅದರಿಂದ ಎಷ್ಟೋ ತಪ್ಪು ಮೊದಲೇ ಸಿಕ್ಕೈತೆ. ಎದೆ ಮೇಲೆ ನೆಟ್ಟಗೆ ಎರಡು ದೊಡ್ಡ ಹೂವು ಬಂದು ಕೂರೋ ಪ್ರಿಂಟ್‌ನ ಯಾವ ಹೆಣ್ಣುಮಗಳೂ ಹಾಕ್ಕೊಳ್ಳಲ್ಲ.

ಬಣ್ಣದ ಕತೆ ಹೇಳಲೇಬೇಕು. ಎರಡನೇ ವರ್ಷ ಚೆಂಡು ಹೂವಿನ ಡಿಸೈನ್ ಮಾಡಿ, ಬೇರೆ ಊರಿನ ಒಂದು ಡಿಜಿಟಲ್ ಪ್ರಿಂಟ್ ಮಾಡೋರಿಗೆ ಫೈಲ್ ಕಳಿಸಿ ಎರಡು ಮೀಟರ್ ಹಾಕಿಸಿದೆ. ಬಂದದ್ದು ನೋಡಿ ಕಣ್ಣಲ್ಲಿ ನೀರು ಬಂತು. ಕೇಸರಿ ಇದ್ದದ್ದು ಇಟ್ಟಿಗೆ ಬಣ್ಣ, ಗಿಳಿ ಹಸಿರು ಇದ್ದದ್ದು ಒಣಗಿದ ಸೊಪ್ಪು. ಜೊತೆಗೆ ಅವರು ಚೌಕನ ತಮಗೆ ಬೇಕಾದ ಹಂಗೆ ಹಿಗ್ಗಿಸಿದ್ರು, ಎಂಟು ಇಂಚಿನದು ಹದಿನಾಲ್ಕು ಇಂಚು ಆಗಿತ್ತು. ಹಿಗ್ಗಿಸಿದ್ದು ಅವರ ತಪ್ಪು, ಹೆಸರು ಹಾಕೋದು ಬೇಡ, ಕೇಳಿದ್ರೆ ಫೈಲೇ ಹಂಗಿತ್ತು ಅಂದ್ರು. ಬಣ್ಣದ್ದು ಮಾತ್ರ ನನಗೆ ತಿಳೀದೇ ಆದದ್ದು. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತೆ, ಬಟ್ಟೆ ಶಾಯಿಯಿಂದ, ಶಾಯಿಗೆ ಮುಟ್ಟೋಕಾಗದ ಬಣ್ಣ ಸ್ಕ್ರೀನಲ್ಲಿ ಎಷ್ಟೋ ಇದಾವೆ. ಕಾಟನ್ ಮೇಲೆ ರಿಯಾಕ್ಟಿವ್ ಶಾಯಿ ಹಾಕಿದ್ರೆ ಆಮೇಲೆ ಹಬೆ ಕೊಟ್ಟು ತೊಳೀಬೇಕು, ಆಗಲೇ ಅದರ ಪೂರ್ತಿ ಬಣ್ಣ ನಿಲ್ಲೋದು. ಪಾಲಿಯೆಸ್ಟರ್‌ಗೆ ಸಬ್ಲಿಮೇಶನ್, ಬಿಸಿ ಒತ್ತಿ ಬಣ್ಣ ಇಳಿಸ್ತಾರೆ, ಅದು ಹೊಳೆಯುತ್ತೆ. ಒಂದೇ ಫೈಲು, ಎರಡು ಬಟ್ಟೆಲಿ ಎರಡು ಮುಖ.

ಕ್ರಿಟಾದಲ್ಲಿ ಕಂಟ್ರೋಲ್ ವೈ ಒತ್ತಿದ್ರೆ ಸಾಫ್ಟ್ ಪ್ರೂಫಿಂಗ್ ಬರುತ್ತೆ, ಪ್ರಿಂಟ್ ಮಾಡೋರ ಕಲರ್ ಪ್ರೊಫೈಲ್, ಅಂದ್ರೆ ಅವರ ಮಿಷಿನಲ್ಲಿ ಯಾವ ಬಣ್ಣ ಹೆಂಗೆ ಬರುತ್ತೆ ಅನ್ನೋ ಫೈಲು, ಇದ್ರೆ ಹತ್ತಿರ ಹತ್ತಿರ ಹೆಂಗೆ ಬರುತ್ತೆ ಅಂತ ತೋರಿಸುತ್ತೆ, ಪ್ರಿಂಟ್ ಆಗಲಾರದ ಬಣ್ಣಗಳನ್ನ ಗುರುತು ಮಾಡಿಯೂ ತೋರಿಸುತ್ತೆ. ಇದು ಫ್ರೀ ಸಾಫ್ಟ್‌ವೇರಲ್ಲಿ ಇರೋದು ದೊಡ್ಡ ವಿಷಯ. ಆದ್ರೂ ನನ್ನ ನಂಬಿಕೆ ಬಟ್ಟೆ ತುಂಡಿನ ಮೇಲೆ. ನಾನು ಬಳಸೋ ನಲವತ್ತು ಬಣ್ಣ ಚಿಕ್ಕ ಚಿಕ್ಕ ಚೌಕ ಮಾಡಿ, ಪಕ್ಕದಲ್ಲಿ ನಂಬರ್ ಬರೆದು, ಒಂದೇ ಒಂದು ತುಂಡು ಕಾಟನ್ ಮೇಲೆ ಪ್ರಿಂಟ್ ಹಾಕಿಸಿ ಮಿಷಿನ್ ಪಕ್ಕ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದೀನಿ. ಸ್ಕ್ರೀನ್ ನೋಡಿ ಬಣ್ಣ ಆರಿಸಲ್ಲ, ಆ ತುಂಡು ನೋಡಿ ಆರಿಸ್ತೀನಿ, ಅದೇ ನಲವತ್ತು ಬಣ್ಣ ಕ್ರಿಟಾದ ಪ್ಯಾಲೆಟ್‌ನಲ್ಲೂ ಇಟ್ಕೊಂಡಿದೀನಿ. ಮೂರೇ ಬಣ್ಣದ ಥೀಮ್ ಬಂದಾಗ ಇದು ಎಷ್ಟು ಕೆಲಸಕ್ಕೆ ಬಂತು ಅಂದ್ರೆ, ಅರ್ಧ ದಿನದಲ್ಲಿ ಡಿಸೈನ್ ಮುಗೀತು.

ಇನ್ನೊಂದು ಮಾತು, ಇದು ಸಾಫ್ಟ್‌ವೇರ್ ಬಗ್ಗೆ ಅಲ್ಲ, ಆದ್ರೂ ಬರೀತೀನಿ. ಪರಂಪರೆ ಅಂತ ಥೀಮ್ ಬಂದಾಗ ಸುಮಾರು ಜನ ಸೀರೆ ಅಂಚಿನ ಫೋಟೋ ಇಟ್ಕೊಂಡು ಅದರ ಮೇಲೇ ಗೆರೆ ಎಳೀತಾರೆ. ನನಗೂ ಆಸೆ ಆಗಿತ್ತು, ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ರೇಷ್ಮೆ ಸೀರೆ ನಮ್ಮ ಅತ್ತೆ ಹತ್ರ ಒಂದು ಐತೆ, ಅದನ್ನ ನೋಡಿ ಬಿಡಿಸಿದೆ, ಚೆನ್ನಾಗೂ ಬಂತು. ಕಳಿಸಲಿಲ್ಲ. ಆ ಸೀರೆಗೆ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಐತೆ, ಮಗ್ಗದ ಮೇಲೆ ಎಳೆ ಎಳೆ ಎಣಿಸಿ ನೇಯ್ದ ಹೂವು ಅದು, ಅದರ ಮೆಟ್ಟಿಲು ಮೆಟ್ಟಿಲಾದ ಅಂಚು ಬಂದಿರೋದೇ ಎಳೆ ಲೆಕ್ಕದಿಂದ. ನಾನು ಅದನ್ನ ಪೆನ್ನಲ್ಲಿ ಎತ್ತಿಕೊಂಡು ಒರಿಜಿನಲ್ ಅಂತ ಹೆಸರು ಹಾಕ್ಕೊಳ್ಳೋದು ಸರಿ ಅನ್ನಿಸಲಿಲ್ಲ. ಬದಲಿಗೆ ಚಿತ್ರದುರ್ಗದ ಕೋಟೆ ಗೋಡೆ ತಗೊಂಡೆ, ದೊಡ್ಡ ದೊಡ್ಡ ಕಲ್ಲು ಒಂದಕ್ಕೊಂದು ಕೂತಿರೋ ಸಂದಿ ಗೆರೆಗಳು, ಬೂದಿ ಮತ್ತೆ ಕಾವಿ ಎರಡೇ ಬಣ್ಣ, ಅಲ್ಲಲ್ಲಿ ಸಂದಿಲಿ ಹುಟ್ಟಿದ ಹುಲ್ಲು. ಕಲ್ಲಿನ ಡಿಸೈನ್ ರ‍್ಯಾಪ್ ಅರೌಂಡ್‌ಗೆ ಹೇಳಿ ಮಾಡಿಸಿದ ಹಂಗೆ ಐತೆ, ಯಾವ ಕಲ್ಲು ಯಾವ ಚೌಕದ್ದು ಅಂತ ನನಗೇ ಗೊತ್ತಾಗಲ್ಲ. ನನ್ನದು ಅಂತ ಹೇಳ್ಕೊಳ್ಳೋಕೆ ನನಗೆ ಭಾಳ ಇಷ್ಟ ಆಗೋ ಪ್ರಿಂಟ್ ಇವತ್ತಿಗೂ ಅದೇ.

ತೊಂದರೆಗಳು ಬೇಗ ಹೇಳಿಬಿಡ್ತೀನಿ. 4 ಜಿಬಿ ರ‍್ಯಾಮ್ ಇದ್ದ ಆ ಹಳೇ ಲ್ಯಾಪ್‌ಟಾಪಲ್ಲಿ 2400ಕ್ಕಿಂತ ದೊಡ್ಡ ಕ್ಯಾನ್ವಾಸು, ಹತ್ತು ಹದಿನೈದು ಲೇಯರ್ ಆದ್ರೆ ಗೆರೆ ಪೆನ್ನಿನ ಹಿಂದೆ ಓಡಿ ಬರ್ತಿತ್ತು. 8 ಜಿಬಿ ಮಾಡಿಸಿದ ಮೇಲೆ ಪರವಾಗಿಲ್ಲ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದ ಸಲ ಆಟೋಸೇವ್ ಉಳಿಸಿಕೊಟ್ಟೈತೆ, ಆದ್ರೂ ಡೆಡ್‌ಲೈನ್ ರಾತ್ರಿ ಕೈಯಾರೆ ಸೇವ್ ಮಾಡ್ತಾ ಇರ್ರಿ. ಮೌಸಲ್ಲಿ ಬಿಡಿಸೋಕೆ ಹೋಗಬೇಡ್ರಿ, ಚಿಕ್ಕ ಪೆನ್ ಟ್ಯಾಬ್ಲೆಟ್ ಸಾಕು, ಬ್ರಶ್ ಹಿಡಿದಾಗ ಬರೋ ಟೂಲ್ ಆಪ್ಶನ್ಸಲ್ಲಿ ಸ್ಟೆಬಿಲೈಸರ್ ಹಾಕ್ಕೊಂಡ್ರೆ ಕೈ ನಡುಕ ಗೆರೆಲಿ ಬರಲ್ಲ. ರಂಗೋಲಿ ತರ ಬೇಕಂದ್ರೆ ಮಲ್ಟಿಬ್ರಶ್ ಐತೆ, ಒಂದು ಎಸಳು ಎಳೆದ್ರೆ ಸುತ್ತ ಎಲ್ಲಾ ಎಸಳು ಬರ್ತಾವೆ. ಡೌನ್‌ಲೋಡ್ ಅವರ ಸ್ವಂತ ಸೈಟಿಂದ ಮಾಡಿದ್ರೆ ಪೂರ್ತಿ ಫ್ರೀ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡಿಗೆ ಇರೋದೂ ಇದೇ ಸಾಫ್ಟ್‌ವೇರು, ಅದು ಅವರಿಗೆ ಸಹಾಯ ಆಗ್ಲಿ ಅಂತ ಇಟ್ಟಿರೋದು. ನಾನು ಮೂರನೇ ವರ್ಷ ಅಲ್ಲಿಂದ ಕೊಂಡೆ, ಇಷ್ಟು ದಿನ ಉಣ್ಣಿಸಿದ್ದಕ್ಕೆ ಕೊಡಬೇಕು ಅನ್ನಿಸ್ತು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಕಮ್ಮಿ ಮಾಡಿದ ಆ ಅರ್ಧ ಹಾಫ್ ಡ್ರಾಪ್‌ಗೆ. ಹೋದ ತಿಂಗಳು ಕೋಟೆ ಕಲ್ಲಿನ ಪ್ರಿಂಟ್ ಕಾಟನ್ ಮೇಲೆ ಮೂರು ಮೀಟರ್ ಹಾಕಿಸಿದೆ, ಈ ಸಲ ಅಳತೆ ಫೈಲ್ ಹೆಸರಲ್ಲೇ ಬರೆದು ಕಳಿಸಿದ್ದೆ, ಬಣ್ಣ ಗೋಡೆ ಮೇಲಿನ ತುಂಡಿಗೆ ಸರಿಯಾಗಿ ಹೊಂದಿತು. ಬ್ಲೌಸ್ ಹೊಲಿಸೋಕೆ ಬಂದ ಒಬ್ಬ ಹುಡುಗಿ ಅದನ್ನ ಕೈಲಿ ಹಿಡಿದು ನೋಡಿ, "ಅಕ್ಕಾ ಇದು ಎಲ್ಲಿ ಸಿಕ್ತು, ಚೌಕಿಪೇಟೆಲಾ?" ಅಂತ ಕೇಳಿದ್ಲು. ಅವಳಿಗೆ ಕುರ್ತಾಕ್ಕೆ ಎರಡೂವರೆ ಮೀಟರ್ ಬೇಕಂತೆ, ಆದ್ರೆ ಕಾವಿ ಬದಲು ನೀಲಿ ಮಾಡಿಕೊಡ್ತೀರಾ ಅಂದ್ಲು, ಫೈಲ್ ತೆಗೆದು ಗೋಡೆ ಮೇಲಿನ ಹದಿನೇಳನೇ ನಂಬರ್ ನೀಲಿ ಹಾಕಿ ನೋಡ್ತಾ ಇದೀನಿ.